ಎಲೆ ಕವಚದೊಳಗೆ ಕೆಂಪಾದ ಜಿಗಿಹುಳದ ಮೊಟ್ಟೆ ಸಿಕ್ಕಿದೆ. ಎಣ್ಣೆ (ಕೀಟನಾಶಕ) ಹೊಡೆಯಲಾ, ಬೇಡವಾ?

ಕಾಲುವೆ ಕೊನೆ ಹೊಲ, ಸಿರುಗುಪ್ಪ ಕಡೆ | ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಎಕರೆ, ಎಲ್ಲಾ ಸೋನಾ ಮಸೂರಿ. ನಾಟಿ ಮಾಡಿ 32 ದಿನ ಆಯ್ತು.

ಹೋದ ವರ್ಷ ಕಂದು ಜಿಗಿಹುಳು ಬಂತು. ನಮ್ಮ ಕಡೆ ದೋಮೆ ಅಂತೀವಿ. ಒಂದು ಬೆಳಗ್ಗೆ ನೋಡಿದರೆ ಗದ್ದೆ ನಡುವೆ ಗುಂಡಗೆ ಒಂದು ಹಳದಿ ತೇಪೆ. ವಾರದೊಳಗೆ ಅದು ರಾಶಿ ಮಾಡುವ ಕಣದಷ್ಟು ಅಗಲ ಆಯ್ತು. ಕೊನೆಗೆ ಎರಡು ಎಕರೆ ನಿಂತಲ್ಲೇ ಸುಟ್ಟ ಹಾಗೆ ಒಣಗಿತು. ಅಷ್ಟರಲ್ಲಿ ನಾನು ನಾಲ್ಕು ಸಲ ಎಣ್ಣೆ ಹೊಡೆದಿದ್ದೆ. ಪಕ್ಕದ ಗದ್ದೆಯವರು ಕೈಯಲ್ಲಿ ದುಡ್ಡಿಲ್ಲ ಅಂತ ಒಂದೇ ಸಲ ಹೊಡೆದಿದ್ದರು. ಅವರದು ಉಳಿಯಿತು. ಆ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈ ಸಲ ಔಷಧಿ ಅಂಗಡಿಯಲ್ಲಿ, "30 ದಿನಕ್ಕೆ ಒಂದು ಹೊಡೆತ ಕೊಡಿ, ಎಲೆ ಸುರುಳಿ ಹುಳಕ್ಕೂ ಆಗುತ್ತೆ, ದೋಮೆಗೂ ಆಗುತ್ತೆ" ಅಂದರು. ಡಬ್ಬಿ ತಂದಿದ್ದೇನೆ. ಹೊಡೆಯುವ ಮುಂಚೆ ಮಗಳು, "ಅಪ್ಪ, ಒಂದು ಸಲ ಬುಡ ಬಿಚ್ಚಿ ನೋಡೋಣ" ಅಂದಳು. ಬಿಎಸ್ಸಿ ಓದುತ್ತಾಳೆ, ಅವಳ ಹತ್ತಿರ ಭೂತಗನ್ನಡಿ ಇದೆ. ನಾಲ್ಕು ತೆಂಡೆ (ಬುಡದಿಂದ ಒಡೆದ ಕವಲು ಕಾಂಡ) ಕಿತ್ತು ಎಲೆ ಕವಚ ಸುಲಿದೆವು. ಒಳಗೆ ಬಾಳೆ ಚಿಪ್ಪಿನ ಹಾಗೆ ಸಾಲಾಗಿ ಮೊಟ್ಟೆ. ಕೆಲವು ಬಿಳಿ. ಕೆಲವು ಕಿತ್ತಳೆ ಕೆಂಪು. ಒಂದೇ ಸಾಲಿನಲ್ಲಿ ಎರಡು ಬಣ್ಣ ಯಾಕೆ? ಡಬ್ಬಿ ಇಲ್ಲೇ ಪಕ್ಕದಲ್ಲಿದೆ. ಬೇಗ ಹೇಳಿ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 14

ಅಣ್ಣ, ಡಬ್ಬಿ ಮುಚ್ಚಳ ತೆಗೆಯಬೇಡಿ. ಮೊದಲು ಇದನ್ನು ಹೇಳಿ. ಮೊಟ್ಟೆ ಪೂರ್ತಿ ಕೆಂಪಾ, ಇಲ್ಲಾ ಬಿಳಿ ಮೊಟ್ಟೆಯ ಒಂದು ತುದಿಯಲ್ಲಿ ಎರಡು ಕೆಂಪು ಚುಕ್ಕೆಯಾ? ಚುಕ್ಕೆ ಇದ್ದರೆ ಅದು ಒಳಗೆ ಬೆಳೆಯುತ್ತಿರುವ ಜಿಗಿಹುಳದ ಮರಿಯ ಕಣ್ಣು. ಪೂರ್ತಿ ಕೆಂಪಾಗಿದ್ದರೆ ಕತೆ ಬೇರೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಕಾಲುವೆ ಕೊನೆ ಹೊಲ | ಸೆಪ್ಟೆಂಬರ್ 14

ಈಗ ಮತ್ತೆ ನೋಡಿದೆವು ಮೇಷ್ಟ್ರೇ. ಎರಡೂ ಇದೆ. ಚುಕ್ಕೆ ಇರುವುದು ಕೆಲವು. ಪೂರ್ತಿ ಕೆಂಪಾಗಿರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 14

ಹಾಗಾದರೆ ನಿಮ್ಮ ಗದ್ದೆಯಲ್ಲಿ ಕೆಲಸದವರು ಆಗಲೇ ಇಳಿದಿದ್ದಾರೆ. ಪೂರ್ತಿ ಕೆಂಪಾದ ಮೊಟ್ಟೆಯಿಂದ ದೋಮೆ ಹೊರಗೆ ಬರುವುದಿಲ್ಲ. ಒಂದು ಪುಟ್ಟ ಕಣಜ ಬರುತ್ತೆ. ಅದರ ಹೆಸರು ಅನಾಗ್ರಸ್.

ಇದು ಕಚ್ಚುವ ಕಣಜ ಅಲ್ಲ. ಉದ್ದ 1 ಮಿಲಿಮೀಟರಿಗಿಂತ ಕಡಿಮೆ. ರಾಗಿ ಕಾಳಿನ ಪಕ್ಕ ಇಟ್ಟರೂ ಚಿಕ್ಕದು. ರೆಕ್ಕೆ ಅಗಲ ಇಲ್ಲ, ಸಣ್ಣ ಕಡ್ಡಿಯ ಹಾಗಿದೆ, ಅಂಚಿಗೆಲ್ಲ ಉದ್ದ ಕೂದಲು. ಅಷ್ಟು ಚಿಕ್ಕ ಮೈಗೆ ಗಾಳಿಯೇ ಮಂದವಾದ ದ್ರವದ ಹಾಗೆ ಇರುತ್ತೆ. ಆ ಕೂದಲ ರೆಕ್ಕೆಯಿಂದ ಹುಟ್ಟು ಹಾಕಿದ ಹಾಗೆ ಹಾರುತ್ತೆ. ಇದರ ಕುಟುಂಬ ಮೈಮಾರಿಡೇ. ಇಲ್ಲಿಯವರೆಗೆ ಸಿಕ್ಕ ಕೀಟಗಳಲ್ಲಿ ಅತಿ ಚಿಕ್ಕದು ಇದೇ ಕುಟುಂಬದ ಒಂದು ಗಂಡು ಕಣಜ, ಬರೀ 0.139 ಮಿಲಿಮೀಟರ್. ಈ ಮನೆತನದವರು ಹೆಚ್ಚುಕಮ್ಮಿ ಎಲ್ಲರೂ ಬೆಳೆಯುವುದು ಬೇರೆ ಕೀಟಗಳ ಮೊಟ್ಟೆಯಲ್ಲೇ.

ಹೆಣ್ಣು ಕಣಜ ಕಾಂಡದ ಮೇಲೆ ನಡೆಯುತ್ತಾ ಮೀಸೆಯಿಂದ ತಟ್ಟಿ ತಟ್ಟಿ ನೋಡುತ್ತೆ. ಜಿಗಿಹುಳು ಮೊಟ್ಟೆ ಇಡುವಾಗ ಎಲೆ ಕವಚ ಸೀಳಿರುತ್ತಲ್ಲ, ಆ ಗಾಯ ಹುಡುಕುತ್ತೆ. ದೋಮೆ ಹತ್ತಿದ ಬತ್ತದ ಗಿಡ ಒಂದು ಬಗೆಯ ವಾಸನೆ ಬಿಡುತ್ತೆ. ಆ ವಾಸನೆ ಹಿಡಿದು ಕಣಜ ಬರುತ್ತೆ ಅಂತ ಚೀನಾದ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. ಅಂದರೆ ಗಿಡ ಕೂಗುತ್ತೆ, ಇದು ಓಡಿ ಬರುತ್ತೆ. ಸೂಜಿಯಂಥ ಅಂಗವನ್ನು ಸಿಪ್ಪೆಯೊಳಗೆ ಇಳಿಸಿ ಜಿಗಿಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತೆ. ಒಂದು ಮೊಟ್ಟೆಗೆ ಒಂದು ಕಣಜ. ಮರಿ ಒಳಗಿರುವುದನ್ನೆಲ್ಲ ತಿಂದು ಅಲ್ಲೇ ಕೋಶವಾಗಿ, ಸುಮಾರು 11ರಿಂದ 13 ದಿನಕ್ಕೆ ಗುಂಡಗೆ ಒಂದು ತೂತು ಕೊರೆದು ಆಚೆ ಬರುತ್ತೆ.

ಈಗ ನಿಮ್ಮ ನಾಲ್ಕು ಸಲದ ಲೆಕ್ಕಕ್ಕೆ ಬರೋಣ. ದೋಮೆಯ ಮೊಟ್ಟೆ ಎಲೆ ಕವಚದ ಒಳಗಿದೆ. ನೀವು ಹೊಡೆಯುವ ಎಣ್ಣೆ ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ಕಣಜ ಹೊರಗೆ ಓಡಾಡುತ್ತಿದೆ, ಅದಕ್ಕೆ ಮೊದಲ ಹನಿಯೇ ಸಾಕು. ದೋಮೆ ಹಿಡಿದು ತಿನ್ನುವ ಜೇಡಕ್ಕೂ ಅಷ್ಟೇ. ಹೊಡೆದ ದಿನ ದೊಡ್ಡ ದೋಮೆಗಳು ಬೀಳುತ್ತವೆ, ನಿಮಗೆ ಸಮಾಧಾನ ಆಗುತ್ತೆ. ಒಂದು ವಾರ, ಒಂಬತ್ತು ದಿನದೊಳಗೆ ಒಳಗಿದ್ದ ಮೊಟ್ಟೆ ಒಡೆದು ಮರಿ ಬರುತ್ತವೆ. ಅಷ್ಟೊತ್ತಿಗೆ ಗದ್ದೆಯಲ್ಲಿ ಅವನ್ನು ಕೇಳುವವರು ಯಾರೂ ಇಲ್ಲ. ಮತ್ತೆ ಹೊಡೆಯುತ್ತೀರಿ. ಪಕ್ಕದ ಗದ್ದೆಯವರು ದುಡ್ಡಿಲ್ಲದೆ ಬಿಟ್ಟದ್ದು ಕಣಜ ಮತ್ತು ಜೇಡವನ್ನು.

ನಾಲೆ ಬಯಲು, ಮಂಡ್ಯ | ಸೆಪ್ಟೆಂಬರ್ 15

ಮೇಷ್ಟ್ರೇ, ನೀವು ಹೇಳಿದ್ದು ಪುಸ್ತಕದಲ್ಲಿ ಸರಿ ಇರಬಹುದು. ನನ್ನ ಮಾತು ಒರಟು ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಕಣ್ಣಿಗೆ ಕಾಣದ ಹುಳ ನಂಬಿ ಆರು ಎಕರೆ ಬಿಟ್ಟು ಕೂತುಕೊಳ್ಳಿ ಅಂತ ಹೇಳುವುದು ಸುಲಭ. ಬೆಳೆ ಹೋದರೆ ಸೊಸೈಟಿ ಸಾಲ ಯಾರು ಕಟ್ಟುತ್ತಾರೆ? ನಾನು ಒಂದು ವರ್ಷ ಏನೂ ಹೊಡೆಯದೆ ಬಿಟ್ಟಿದ್ದೆ. ತೆನೆ ಹಾಲು ತುಂಬುವ ಹೊತ್ತಿಗೆ ದೋಮೆ ಬಿತ್ತು. ಬುಡದಲ್ಲಿ ಕೈ ಹಾಕಿದರೆ ತೌಡಿನ ಹಾಗೆ ಅಂಟುತ್ತಿತ್ತು. ನಿಮ್ಮ ಕಣಜ ಎಲ್ಲಿ ಹೋಗಿತ್ತು ಅವತ್ತು?

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 15

ಒರಟೇನಿಲ್ಲ. ಬೆಳೆ ಕಳೆದುಕೊಂಡವರು ಕೇಳಲೇಬೇಕಾದ ಪ್ರಶ್ನೆ.

ಏನೇ ಆದರೂ ಹೊಡೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಎಣಿಸದೆ ಹೊಡೆಯಬೇಡಿ ಅಂತಿದ್ದೇನೆ. ದೋಮೆ ದೂರದಿಂದ ಗಾಳಿಯಲ್ಲಿ ಹಾರಿ ಬರುತ್ತೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ. ಒಮ್ಮೆಲೇ ದಂಡು ಬಂದರೆ ಕಣಜ ಒಂದೇ ತಡೆಯಲಾರದು. ಯೂರಿಯಾ ಜಾಸ್ತಿ ಆಗಿ ಪೈರು ಮೆತ್ತಗೆ, ದಟ್ಟವಾಗಿ ಬೆಳೆದಿದ್ದರೆ ಇನ್ನೂ ಕಷ್ಟ. ಅದಕ್ಕೇ ವಾರಕ್ಕೊಮ್ಮೆ ಇಪ್ಪತ್ತು ಬುಡ ಬಗ್ಗಿಸಿ ನೋಡಬೇಕು. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯದ ಲೆಕ್ಕ ನನಗೆ ಇಷ್ಟ. ಜೇಡ ಇಲ್ಲದಿದ್ದರೆ ತೆಂಡೆಗೆ 1 ಹುಳು ದಾಟಿದಾಗ ಔಷಧಿ. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ 2 ಹುಳದವರೆಗೂ ಕಾಯಬಹುದು. ಉಪಕಾರಿ ಕೀಟಕ್ಕೆ ಬೆಲೆ ಕಟ್ಟಿದ ಲೆಕ್ಕ ಅದು.

ಹೊಡೆಯುವ ದಿನ ಬಂದರೂ ಯಾವುದನ್ನು ಹೊಡೆಯುತ್ತೀರಿ ಅನ್ನುವುದು ಮುಖ್ಯ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದವು ದೋಮೆಯನ್ನು ಹೆಚ್ಚಿಸುತ್ತವೆ. ಇದು ಗುಟ್ಟೇನಲ್ಲ, ನಲವತ್ತು ವರ್ಷದಿಂದ ಗೊತ್ತಿರುವ ವಿಷಯ. ಇಂಡೋನೇಷ್ಯಾದಲ್ಲಿ 1986ರಲ್ಲಿ ಅಧ್ಯಕ್ಷ ಸುಹಾರ್ತೊ ಬತ್ತಕ್ಕೆ 57 ಬಗೆಯ ಕೀಟನಾಶಕ ಹೊಡೆಯುವುದನ್ನೇ ನಿಷೇಧಿಸಿದರು. ಹೊಡೆದಷ್ಟೂ ದೋಮೆ ಏರುತ್ತಿತ್ತು ಅನ್ನುವುದೇ ಕಾರಣ. ಬ್ಯುಪ್ರೊಫೆಜಿನ್, ಪೈಮೆಟ್ರೊಜಿನ್ ಥರದವು ಉಪಕಾರಿ ಕೀಟಗಳ ಮೇಲೆ ಅಷ್ಟು ಕಠಿಣ ಅಲ್ಲ. ಹೊಡೆಯುವುದಿದ್ದರೆ ಎಲೆ ಮೇಲೆ ಅಲ್ಲ, ಬುಡಕ್ಕೆ ಬೀಳಬೇಕು. ಅದಕ್ಕೂ ಮುಂಚೆ ಗದ್ದೆ ನೀರು ಬಸಿದು ಮೂರು ನಾಲ್ಕು ದಿನ ಬಿಡಿ. ನಾಲೆ ಬಯಲಿನಲ್ಲಿ ಇದು ಕಷ್ಟ ಅಂತ ಗೊತ್ತು, ಆದರೂ ಪ್ರಯತ್ನಿಸಿ.

ಕೆರೆ ಕೆಳಗಿನ ಊರು, ಶಿವಮೊಗ್ಗ | ಸೆಪ್ಟೆಂಬರ್ 15

ನಾನು ಕೃಷಿ ಪದವಿ ಓದುತ್ತಿದ್ದೇನೆ. ಮಂಡ್ಯದ ಅಣ್ಣನ ಪ್ರಶ್ನೆಗೆ ಒಂದು ಹಳೆಯ ಉದಾಹರಣೆ ಹೇಳಲೇಬೇಕು.

1900ರ ಸುಮಾರಿಗೆ ಹವಾಯಿ ದ್ವೀಪಗಳ ಕಬ್ಬಿಗೆ ಆಸ್ಟ್ರೇಲಿಯಾ ಮೂಲದ ಒಂದು ಜಿಗಿಹುಳು ನುಗ್ಗಿತು. ತೋಟಕ್ಕೆ ತೋಟವೇ ಹಾಳಾಯಿತು. 1904ರಲ್ಲಿ ಆಲ್ಬರ್ಟ್ ಕೋಬೆಲೆ ಮತ್ತು ಪರ್ಕಿನ್ಸ್ ಅನ್ನುವ ಇಬ್ಬರು ಕೀಟ ವಿಜ್ಞಾನಿಗಳು ಕ್ವೀನ್ಸ್‌ಲ್ಯಾಂಡಿಗೆ ಹೋಗಿ ಅಲ್ಲಿನ ಮೊಟ್ಟೆ ಕಣಜಗಳನ್ನು ಹಡಗಿನಲ್ಲಿ ಕಳಿಸಿದರು. ನಮ್ಮ ಅನಾಗ್ರಸ್‌ನ ಹತ್ತಿರದ ಬಂಧುಗಳೇ ಅವು. ಹಾವಳಿ ತುಂಬಾ ಇಳಿಯಿತು. ಆದರೆ ಪೂರ್ತಿ ನಿಲ್ಲಲಿಲ್ಲ, ಕೆಲವು ವರ್ಷ ಮತ್ತೆ ಏಳುತ್ತಿತ್ತು. 1920ರಲ್ಲಿ ಮ್ಯೂರ್ ಅನ್ನುವವರು ಒಂದು ಪುಟ್ಟ ತಿಗಣೆ ತಂದು ಬಿಟ್ಟರು. ಅದು ಜಿಗಿಹುಳದ ಮೊಟ್ಟೆಗೇ ಚುಚ್ಚಿ ಹೀರುತ್ತೆ. ಎರಡೂ ಸೇರಿದ ಮೇಲೆ ಹಾವಳಿ ನಿಂತಿತು.

ಆ ತಿಗಣೆಯ ಸೋದರ ಸಂಬಂಧಿ ನಮ್ಮ ಗದ್ದೆಯಲ್ಲೇ ಇದ್ದಾನೆ. ಹಸಿರು ಮಿರಿಡ್ ತಿಗಣೆ. ತಲೆ ಹತ್ತಿರ ಕಪ್ಪು, ಉಳಿದ ಮೈ ತಿಳಿ ಹಸಿರು, ಬುಡದಲ್ಲಿ ಚುರುಕಾಗಿ ಓಡಾಡುತ್ತೆ. ಬೇಸರದ ವಿಷಯ ಏನಂದರೆ ನಮ್ಮ ಊರಲ್ಲಿ ಇದನ್ನೇ ದೋಮೆ ಅಂದುಕೊಂಡು ಔಷಧಿ ಹೊಡೆದವರನ್ನು ನಾನೇ ನೋಡಿದ್ದೇನೆ. ಎಣಿಸುವಾಗ ದಯವಿಟ್ಟು ಇದನ್ನು ದೋಮೆ ಲೆಕ್ಕಕ್ಕೆ ಸೇರಿಸಬೇಡಿ.

ಬಿಳಿ ಬಂಗಾರ, ಹಾವೇರಿ | ಸೆಪ್ಟೆಂಬರ್ 16

ನಮ್ಮದು ಹತ್ತಿ ಮತ್ತು ಒಂದಿಷ್ಟು ಬೆಂಡೆ. ನಮಗೂ ಜಿಗಿಹುಳದ ಕಾಟ, ಆದರೆ ಹಸಿರು ಜಿಗಿಹುಳು. ಎಲೆ ಅಂಚು ಹಳದಿ ಆಗಿ, ಆಮೇಲೆ ಕೆಂಪಾಗಿ, ಕೆಳಗೆ ಮುದುಡುತ್ತೆ. ನನ್ನ ಪ್ರಶ್ನೆ ಸರಳ. ಟ್ರೈಕೊ ಕಾರ್ಡ್ ಸಿಗುತ್ತಲ್ಲ, ಎಲೆಗೆ ಪಿನ್ ಮಾಡುವುದು, ಹಾಗೆ ಈ ಅನಾಗ್ರಸ್ ಕಾರ್ಡ್ ಎಲ್ಲಿ ಸಿಗುತ್ತೆ ಸರ್? ದುಡ್ಡು ಕೊಟ್ಟು ತರ್ತೀನಿ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 16

ಕಾರ್ಡ್ ಇಲ್ಲ. ಅದಕ್ಕೆ ಕಾರಣ ಇದೆ. ಟ್ರೈಕೊಗ್ರಾಮಾ ಪತಂಗದ ಮೊಟ್ಟೆಯಲ್ಲಿ ಬೆಳೆಯುವ ಕಣಜ. ಅಕ್ಕಿ ಪತಂಗವನ್ನು ಡಬ್ಬಿಯಲ್ಲಿ ನುಚ್ಚು ಹಾಕಿ ಸಾಕಿ, ಅದರ ಮೊಟ್ಟೆ ಕಾರ್ಡಿಗೆ ಅಂಟಿಸಿದರೆ ಆಯ್ತು. ಅನಾಗ್ರಸ್ ಸಾಕಬೇಕಂದರೆ ಮೊದಲು ಗಿಡ ಬೆಳೆಸಬೇಕು, ಗಿಡದಲ್ಲಿ ಜಿಗಿಹುಳು ಸಾಕಬೇಕು, ಅದು ಗಿಡದೊಳಗೆ ಮೊಟ್ಟೆ ಇಡಬೇಕು, ಆಮೇಲೆ ಕಣಜ. ಹುಟ್ಟಿದ ಕಣಜ ಬದುಕುವುದು ಕೆಲವೇ ದಿನ. ಅಂಗಡಿಯ ಕಪಾಟಿನಲ್ಲಿ ಇಡುವ ಸರಕಲ್ಲ ಇದು.

ನಿಮ್ಮ ಹತ್ತಿ ಜಿಗಿಹುಳಕ್ಕೂ ನಮ್ಮ ದೇಶದಲ್ಲೇ ಮೊಟ್ಟೆ ಕಣಜ ಇವೆ. ಅನಾಗ್ರಸ್ ಫ್ಲಾವಿಯೋಲಸ್ ಒಂದು, ಅರೆಸ್ಕಾನ್ ಇನ್ನೊಂದು. ಅಲ್ಲಿ ಮೊಟ್ಟೆ ಎಲೆಯ ದಪ್ಪ ನರದೊಳಗೆ ಇರುತ್ತೆ. ಕೊಂಡು ತಂದು ಬಿಡುವುದಲ್ಲ, ಇರುವುದನ್ನು ಕೊಲ್ಲದೆ ಉಳಿಸಿಕೊಳ್ಳುವುದೇ ದಾರಿ. ಬೀಜಕ್ಕೆ ಔಷಧಿ ಹಚ್ಚಿಯೇ ಬರುತ್ತೆ, ಅದರ ಮೇಲೆ ಶುರುವಿನಲ್ಲೇ ಮತ್ತೆ ಅದೇ ಗುಂಪಿನ ಇಮಿಡಾಕ್ಲೊಪ್ರಿಡ್ ಹೊಡೆಯುವುದು ದುಡ್ಡು ದಂಡ. ಹುಳ ಆ ಔಷಧಿಗೆ ಒಗ್ಗಿಕೊಳ್ಳುವುದೂ ಹೀಗೆಯೇ. ಎಲೆ ಮೇಲೆ ಸಣ್ಣ ಕೂದಲು ಜಾಸ್ತಿ ಇರುವ ತಳಿಗೆ ಜಿಗಿಹುಳು ಅಷ್ಟು ಹತ್ತುವುದಿಲ್ಲ, ಬೀಜ ಆರಿಸುವಾಗ ಕೇಳಿ ತೆಗೆದುಕೊಳ್ಳಿ.

ಬಳ್ಳಿ ಸಾಲು, ಕ್ಯಾಲಿಫೋರ್ನಿಯಾ | ಸೆಪ್ಟೆಂಬರ್ 17

ನಮಸ್ಕಾರ. ನಾನು ವಿಜಯಪುರದ ದ್ರಾಕ್ಷಿ ಬೆಳೆಗಾರರ ಮನೆಯವಳು. ಈಗ ಇಲ್ಲಿನ ಸ್ಯಾನ್ ವಾಕೀನ್ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ ಕೀಟ ಎಣಿಸುವ ಕೆಲಸ ಮಾಡುತ್ತೇನೆ. ಅನಾಗ್ರಸ್ ಹೆಸರು ಕನ್ನಡದಲ್ಲಿ ಓದಿ ತುಂಬಾ ಖುಷಿ ಆಯ್ತು. ಇಲ್ಲಿನವರಿಗೆ ಈ ಕಣಜ ಮನೆಮಾತು. ಅದರ ಕತೆ ನಮ್ಮ ಬತ್ತದವರಿಗೆ ಉಪಯೋಗ ಆಗುತ್ತೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ದ್ರಾಕ್ಷಿಗೆ ಒಂದು ಜಿಗಿಹುಳು ಇದೆ. 1960ರ ದಶಕದಲ್ಲಿ ಡೌಟ್ ಮತ್ತು ನಕಾಟಾ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ಗಮನಿಸಿದರು. ಹೊಳೆ ದಡದ ತೋಟಗಳಲ್ಲಿ ಜಿಗಿಹುಳದ ಕಾಟ ಕಡಿಮೆ. ಹೊಳೆಯಿಂದ ದೂರ ಹೋದ ಹಾಗೆ ಜಾಸ್ತಿ. ಯಾಕೆ?

ಉತ್ತರ ಚಳಿಗಾಲದಲ್ಲಿತ್ತು. ದ್ರಾಕ್ಷಿ ಎಲೆ ಉದುರಿದ ಮೇಲೆ ದ್ರಾಕ್ಷಿ ಜಿಗಿಹುಳು ದೊಡ್ಡ ಹುಳವಾಗಿಯೇ ಕಸದಲ್ಲಿ ಅಡಗಿ ಕೂರುತ್ತೆ. ಮೊಟ್ಟೆ ಇಡುವುದಿಲ್ಲ. ಅನಾಗ್ರಸ್‌ಗೆ ಮೊಟ್ಟೆ ಇಲ್ಲದೆ ಬದುಕಿಲ್ಲ. ಅಷ್ಟು ತಿಂಗಳು ಅದು ಎಲ್ಲಿ ಹೋಗಬೇಕು? ಹೊಳೆ ದಡದಲ್ಲಿ ಕಾಡು ಬ್ಲ್ಯಾಕ್‌ಬೆರಿ ಪೊದೆ ಇದ್ದವು. ಚಳಿಗಾಲದಲ್ಲೂ ಹಸಿರು. ಆ ಪೊದೆಯಲ್ಲಿ ಡಿಕ್ರೆಲ್ಲಾ ಅನ್ನುವ ಬೇರೊಂದು ಜಿಗಿಹುಳು ಇದೆ. ದ್ರಾಕ್ಷಿಗೆ ಅದರಿಂದ ಏನೂ ತೊಂದರೆ ಇಲ್ಲ. ಅದು ಚಳಿಗಾಲದಲ್ಲೂ ಮೊಟ್ಟೆ ಇಡುತ್ತೆ. ಕಣಜ ಅಲ್ಲಿ ದಿನ ದೂಡಿ, ವಸಂತದಲ್ಲಿ ದ್ರಾಕ್ಷಿ ಚಿಗುರಿದಾಗ ತೋಟಕ್ಕೆ ಬರುತ್ತೆ. ರೈತರು ಕಳೆ ಅಂತ ಕಡಿಯುತ್ತಿದ್ದ ಪೊದೆಯೇ ತೋಟದ ಕಾವಲಿಗೆ ತವರುಮನೆ ಆಗಿತ್ತು.

ಆಮೇಲೆ ಒಣಹಣ್ಣಿಗೆ ಬೆಳೆಯುವ ಪ್ಲಮ್ ಮರದಲ್ಲೂ ಇಂಥದೇ ಒಂದು ಜಿಗಿಹುಳು ಇದೆ, ಅದರ ಮೊಟ್ಟೆಯಲ್ಲೂ ಕಣಜ ಚಳಿಗಾಲ ಕಳೆಯುತ್ತೆ ಅಂತ ಗೊತ್ತಾಯಿತು. ಗಾಳಿ ಬೀಸಿ ಬರುವ ಕಡೆ ಪ್ಲಮ್ ಸಾಲು ನೆಟ್ಟವರಿದ್ದಾರೆ. ಅನಾಗ್ರಸ್ ಎಷ್ಟು ಹಾರುತ್ತೋ ಅದಕ್ಕಿಂತ ಜಾಸ್ತಿ ಗಾಳಿಯಲ್ಲಿ ತೇಲುತ್ತೆ. ಮರದ ಸಾಲು ಗಾಳಿ ತಡೆದಾಗ ಅದರ ಹಿಂದಿನ ನೆರಳಲ್ಲಿ ಕಣಜ ಇಳಿಯುತ್ತವೆ.

ಮಂಡ್ಯದ ಅಣ್ಣ, ನೀವು ಕೇಳಿದ ಹಾಗೆ ಇಲ್ಲೂ ಕೇಳಿದರು. ಈ ಮರಗಳಿಂದ ನಿಜವಾಗಿ ಎಷ್ಟು ಕಣಜ ಬರುತ್ತೆ? ಕಾರ್ಬೆಟ್ ಮತ್ತು ರೋಸನ್‌ಹೈಮ್ ಅನ್ನುವವರು ಪ್ಲಮ್ ಮರಕ್ಕೆ ರುಬಿಡಿಯಂ ಅನ್ನುವ ಧಾತು ಕೊಟ್ಟು ಗುರುತು ಮಾಡಿದರು. ಮರದಿಂದ ಜಿಗಿಹುಳದ ಮೊಟ್ಟೆಗೆ, ಮೊಟ್ಟೆಯಿಂದ ಕಣಜಕ್ಕೆ ಆ ಗುರುತು ಇಳಿಯುತ್ತೆ. 1996ರಲ್ಲಿ ಬಂದ ಅವರ ಲೆಕ್ಕದಲ್ಲಿ, ಹಂಗಾಮಿನ ಶುರುವಿಗೆ ತೋಟಕ್ಕೆ ಬಂದ ಕಣಜಗಳಲ್ಲಿ ಒಂದು ಕಡೆ ನೂರಕ್ಕೆ 34 ಆ ಮರಗಳಿಂದ ಬಂದಿದ್ದವು. ಇನ್ನೊಂದು ಕಡೆ ನೂರಕ್ಕೆ 1 ಮಾತ್ರ. ಅಂದರೆ ಎರಡು ಮರ ನೆಟ್ಟು ಕೈ ತೊಳೆದುಕೊಂಡರೆ ಆಗಲ್ಲ. ಸುತ್ತಲಿನ ಹೊಳೆ, ಪೊದೆ, ಮರ ಎಲ್ಲಾ ಸೇರಿ ಕಣಜ ಕಳಿಸುತ್ತವೆ.

ಇನ್ನೊಂದು ಮಾತು. 1980ರ ದಶಕದಲ್ಲಿ ಇದೇ ಕಣಿವೆಗೆ ಬೇರೆ ದ್ರಾಕ್ಷಿ ಜಿಗಿಹುಳು ಬಂತು. ಅದು ಮೊಟ್ಟೆಯನ್ನು ಎಲೆಯೊಳಗೆ ಇನ್ನೂ ಆಳಕ್ಕೆ ಇಡುತ್ತೆ. ಇಲ್ಲಿನ ಅನಾಗ್ರಸ್‌ಗೆ ಅದು ಅಷ್ಟಾಗಿ ಸಿಗುವುದಿಲ್ಲ. ಕೂದಲೆಳೆಯಷ್ಟು ಆಳ ಹೆಚ್ಚಾಗಿದ್ದಕ್ಕೆ ಕಣಿವೆಯ ಲೆಕ್ಕವೇ ಬದಲಾಯಿತು. ಹುಳದ ಹೆಸರು ಸರಿಯಾಗಿ ತಿಳಿಯದೆ ಯಾವ ಉಪಾಯವೂ ನಡೆಯಲ್ಲ ಅನ್ನುವುದನ್ನು ನಾನು ಇಲ್ಲಿ ಕಲಿತೆ.

ನಾಲೆ ಬಯಲು, ಮಂಡ್ಯ | ಸೆಪ್ಟೆಂಬರ್ 17

ಅಕ್ಕ, ನೂರಕ್ಕೆ 1 ಅನ್ನುವುದನ್ನೂ ಮುಚ್ಚಿಡದೆ ಹೇಳಿದಿರಲ್ಲ, ಅದಕ್ಕೆ ನಿಮ್ಮ ಮಾತು ಕೇಳಬೇಕು ಅನಿಸುತ್ತೆ. ಪೂರ್ತಿ ಗೆದ್ದ ಉದಾಹರಣೆ ಒಂದಾದರೂ ಇದೆಯಾ?

ಬಳ್ಳಿ ಸಾಲು, ಕ್ಯಾಲಿಫೋರ್ನಿಯಾ | ಸೆಪ್ಟೆಂಬರ್ 18

ಇದೆ ಅಣ್ಣ. ಪೆಸಿಫಿಕ್ ಸಾಗರದ ತಾಹಿತಿ ದ್ವೀಪ. ಅಮೆರಿಕದಿಂದ ಗಾಜಿನಂಥ ರೆಕ್ಕೆಯ ಒಂದು ದೊಡ್ಡ ಜಿಗಿಹುಳು 1999ರಲ್ಲಿ ಅಲ್ಲಿ ಕಾಣಿಸಿತು. ಗಿಡದ ಬೇರಿನಿಂದ ನೀರು ಏರುವ ನಾಳಕ್ಕೇ ಚುಚ್ಚಿ ಹೀರುತ್ತೆ. ಹೀರಿದ್ದೆಲ್ಲ ಹೆಚ್ಚುಕಮ್ಮಿ ನೀರೇ ಆದ್ದರಿಂದ ಹನಿ ಹನಿಯಾಗಿ ಆಚೆ ಬಿಡುತ್ತಲೇ ಇರುತ್ತೆ. ಮರದ ಕೆಳಗೆ ನಿಂತರೆ ಮಳೆ ಬಿದ್ದ ಹಾಗೆ. ಅಲ್ಲಿನ ಜನ ಅದನ್ನು ಉಚ್ಚೆ ನೊಣ ಅಂತಲೇ ಕರೆದರು.

2005ರ ಮೇನಿಂದ ಅಕ್ಟೋಬರ್‌ವರೆಗೆ ಗೊನಾಟೊಸೆರಸ್ ಆಶ್ಮೀಡಿ ಅನ್ನುವ ಮೊಟ್ಟೆ ಕಣಜವನ್ನು 27 ಕಡೆ ಬಿಟ್ಟರು. ಒಟ್ಟು 13,786 ಕಣಜ. ಒಂದು ಇಡೀ ದ್ವೀಪಕ್ಕೆ ಅಷ್ಟೇ. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಜಿಗಿಹುಳದ ಸಂಖ್ಯೆ ನೂರಕ್ಕೆ 90ಕ್ಕಿಂತ ಜಾಸ್ತಿ ಇಳಿಯಿತು. ಈ ಕಣಜವೂ ಮೈಮಾರಿಡೇ ಕುಟುಂಬದ್ದೇ. ಅಲ್ಲಿ ಅದು ಅಷ್ಟು ಗೆಲ್ಲಲು ಕಾರಣ, ಬಿಸಿಲು ನಾಡು, ವರ್ಷವಿಡೀ ಜಿಗಿಹುಳದ ಮೊಟ್ಟೆ ಇರುತ್ತೆ, ಕಣಜಕ್ಕೆ ಉಪವಾಸ ಇಲ್ಲ.

ಹಾವೇರಿಯ ಅಣ್ಣನಿಗೆ ಒಂದು ಸುದ್ದಿ. ನಿಮ್ಮ ಹತ್ತಿ ಜಿಗಿಹುಳು ಈಗ ಈ ಕಡೆಗೂ ಬಂದಿದೆ. 2023ರಲ್ಲಿ ಪೋರ್ಟೊ ರಿಕೊ, 2024ರ ಕೊನೆಗೆ ಫ್ಲೋರಿಡಾ, 2025ರಲ್ಲಿ ಜಾರ್ಜಿಯಾದ ಹತ್ತಿ ಹೊಲ. ಅದರ ಹಳೆಯ ಶತ್ರುಗಳು ನಿಮ್ಮ ಹೊಲದಲ್ಲಿವೆ. ಇಲ್ಲಿನವರಿಗೆ ಆ ಭಾಗ್ಯ ಇಲ್ಲ.

ಬದುವಿನ ಹೂವು, ದಾವಣಗೆರೆ | ಸೆಪ್ಟೆಂಬರ್ 18

ನಮ್ಮ ಮನೆಯಲ್ಲಿ ಬದು ಸವರುವ ಕೆಲಸ ನನ್ನದು ಮತ್ತು ಅತ್ತೆಯದು. ಮೇಡಂ ಹೇಳಿದ ಪೊದೆಯ ಕತೆ ಓದಿ ಮನಸ್ಸಿಗೆ ನಾಟಿತು. ನಾವು ನಾಟಿಗೆ ಮುಂಚೆ ಬದು ಪೂರ್ತಿ ಬೋಳು ಮಾಡುತ್ತೇವೆ. ಕೆಲವರು ಕಳೆನಾಶಕ ಹೊಡೆದು ಕೆಂಪಗೆ ಸುಡುತ್ತಾರೆ. ಹಾಗಾದರೆ ನಮ್ಮ ಬದುವಿನ ಹುಲ್ಲಲ್ಲೂ ಕಣಜದ ತವರು ಇರುತ್ತಾ ಮೇಷ್ಟ್ರೇ? ಹುಲ್ಲು ಬಿಟ್ಟರೆ ಇಲಿ ಬರುತ್ತೆ ಅಂತ ಮಾವ ಬೈತಾರೆ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 18

ಇರುತ್ತೆ ತಾಯಿ. ಬದುವಿನ ಹುಲ್ಲಲ್ಲಿ ಬತ್ತಕ್ಕೆ ಬರದ ಬೇರೆ ಜಿಗಿಹುಳುಗಳಿವೆ, ಅವುಗಳ ಮೊಟ್ಟೆಯಲ್ಲಿ ಕಣಜ ಉಳಿಯುತ್ತೆ. ಚೀನಾದಲ್ಲಿ ಇದನ್ನು ಬೇಕಂತಲೇ ಮಾಡುತ್ತಾರೆ. ಬತ್ತದ ಪಕ್ಕ ಜಿಜಾನಿಯಾ ಅನ್ನುವ ನೀರಿನ ಹುಲ್ಲು ತರಕಾರಿಗೆ ಬೆಳೆಯುತ್ತಾರೆ. ಅದರ ಜಿಗಿಹುಳು ಬತ್ತ ಮುಟ್ಟುವುದಿಲ್ಲ, ಆದರೆ ಅನಾಗ್ರಸ್ ಸಾಕುತ್ತೆ. ಮಾವನವರ ಮಾತೂ ಸುಳ್ಳಲ್ಲ, ದಟ್ಟ ಹುಲ್ಲಿನಲ್ಲಿ ಇಲಿ ಬಿಲ ಮಾಡುತ್ತೆ. ಅದಕ್ಕೆ ಸಣ್ಣ ಬದುಗಳನ್ನು ಸವರಿ, ಒಂದೇ ದಿನ ಎಲ್ಲವನ್ನೂ ಬೋಳು ಮಾಡಬೇಡಿ. ಕಳೆನಾಶಕ ಮಾತ್ರ ಬೇಡ.

ಇನ್ನೊಂದು, ಎಳ್ಳು. ಬೆಳೆದು ಆಚೆ ಬಂದ ಕಣಜಕ್ಕೆ ಸಿಹಿ ಬೇಕು. ಎಳ್ಳು ಹೂವಿನ ಮಕರಂದ ಸಿಕ್ಕರೆ ಅನಾಗ್ರಸ್ ಜಾಸ್ತಿ ದಿನ ಬದುಕುತ್ತೆ, ಜಾಸ್ತಿ ಮೊಟ್ಟೆ ಹುಡುಕುತ್ತೆ, ಬತ್ತದ ಪತಂಗಗಳಿಗೆ ಆ ಹೂವಿನಿಂದ ಲಾಭ ಇಲ್ಲ ಅಂತ ಚೀನಾದಲ್ಲಿ ಪರೀಕ್ಷೆ ಮಾಡಿದ್ದಾರೆ. ಚೀನಾ, ವಿಯೆಟ್ನಾಂ, ಥಾಯ್ಲೆಂಡ್ ಮೂರೂ ಕಡೆ ಬದುವಿನಲ್ಲಿ ಹೂವಿನ ಬೆಳೆ ಹಾಕಿ ನೋಡಿದ ಫಲಿತಾಂಶ 2016ರಲ್ಲಿ ಬಂತು. ಔಷಧಿ ಹೊಡೆತ ನೂರಕ್ಕೆ 70 ಇಳಿಯಿತು, ಇಳುವರಿ ನೂರಕ್ಕೆ 5 ಏರಿತು. ಸಂಕ್ರಾಂತಿಗೆ ಎಳ್ಳು ಕೊಂಡು ತರುವ ಬದಲು ಬದುವಿನದೇ ಸಿಗುತ್ತೆ ಅಂತ ಮಾವನವರಿಗೆ ಹೇಳಿ ನೋಡಿ. ಅಲಸಂದೆಯೂ ಹಾಕಬಹುದು.

ಕಾಲುವೆ ಕೊನೆ ಹೊಲ | ಸೆಪ್ಟೆಂಬರ್ 18

ಎಲ್ಲಾ ಓದಿದೆ. ನಮ್ಮ ಕಡೆ ಕಣಜ ಅಂದರೆ ನೆಲ್ಲು ತುಂಬುವ ಕಣಜ. ಈ ಹುಳಕ್ಕೂ ಅದೇ ಹೆಸರು ಅಂತ ಮಗಳು ಹೇಳಿದಾಗ ಸುಮ್ನೆ ಕೂತು ಯೋಚನೆ ಮಾಡಿದೆ. ಡಬ್ಬಿ ಹಾಗೇ ಇದೆ. ಆದರೆ ಎಲೆ ಸುರುಳಿ ಹುಳ ಕಾಣುತ್ತಿದೆ, ಎಲೆ ಬೆಳ್ಳಗಾಗಿದೆ. ಮನೆಯಲ್ಲಿ ಅಣ್ಣ ದಿನಾ ಕೇಳುತ್ತಾನೆ, ಯಾವಾಗ ಹೊಡೀತೀಯ ಅಂತ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 18

ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳಿ. ಎಳೆ ಪೈರು ಒಂದಿಷ್ಟು ಎಲೆ ಹೋದರೂ ಹೊಸ ಎಲೆ ಬಿಟ್ಟು ತುಂಬಿಕೊಳ್ಳುತ್ತೆ. ವಿಯೆಟ್ನಾಂನ ಮೆಕಾಂಗ್ ನದಿ ಬಯಲಿನಲ್ಲಿ 1994ರಿಂದ ರೈತರಿಗೆ ಒಂದೇ ಮಾತು ಹೇಳಿದರು. ಮೊದಲ 40 ದಿನ ಎಲೆ ಸುರುಳಿ ಹುಳಕ್ಕೆ ಹೊಡೆಯಬೇಡಿ, ಒಂದು ತುಂಡು ಗದ್ದೆಯಲ್ಲಿ ನೀವೇ ಪರೀಕ್ಷೆ ಮಾಡಿ ನೋಡಿ. ಮಾಡಿ ನೋಡಿದವರು ಔಷಧಿ ಹೊಡೆಯುವುದನ್ನು ಅರ್ಧಕ್ಕೆ ಇಳಿಸಿದರು. ನೀವೂ ಒಂದು ಎಕರೆ ಅಣ್ಣನ ಇಷ್ಟಕ್ಕೆ ಬಿಡಿ, ಐದು ನಿಮ್ಮ ಇಷ್ಟಕ್ಕೆ. ಮನೆಯಲ್ಲಿ ಜಗಳ ಬೇಡ.

ಮಗಳಿಗೆ ಒಂದು ಕೆಲಸ. ಹತ್ತು ತೆಂಡೆ ಬುಡದಿಂದ ಕತ್ತರಿಸಿ, ಹುಳ ಎಲ್ಲಾ ಕೊಡವಿ, ಬುಡಕ್ಕೆ ಒದ್ದೆ ಹತ್ತಿ ಸುತ್ತಿ ಒಂದು ದೊಡ್ಡ ಬಾಟಲಿಗೆ ಹಾಕಲಿ. ಬಾಟಲಿಗೆ ಕಪ್ಪು ಕಾಗದ ಸುತ್ತಿ, ಬಾಯಿಗೆ ಒಂದು ಸಣ್ಣ ಗಾಜಿನ ಕೊಳವೆ ಬಿಗಿಯಾಗಿ ಸಿಕ್ಕಿಸಲಿ. ಕಣಜ ಬೆಳಕಿನ ಕಡೆ ಬರುತ್ತೆ. ಕೊಳವೆಯಲ್ಲಿ ಧೂಳಿನ ಕಣದ ಹಾಗೆ ಕಾಣುವುದು ನಡೆದಾಡಿದರೆ ಅದೇ.

ಮಾವಿನ ತೋಪು, ಶ್ರೀನಿವಾಸಪುರ | ಸೆಪ್ಟೆಂಬರ್ 20

ಮಾವಿನ ಹೂವಿಗೆ ಬರುವ ಜಿಗಿಹುಳಕ್ಕೂ ಇಂಥ ಕಣಜ ಇದೆಯಾ? ಹೂ ಬಿಡುವ ಮುಂಚೆಯೇ ಒಂದು, ಬಿಟ್ಟ ಮೇಲೆ ಎರಡು ಹೊಡೆಯುತ್ತೇವೆ.

ಕೀಟದ ಮೇಷ್ಟ್ರು, ಧಾರವಾಡ | ಸೆಪ್ಟೆಂಬರ್ 20

ಇವೆ. ಗೊನಾಟೊಸೆರಸ್, ಪಾಲಿನೀಮಾ ಗುಂಪಿನವು ಹೂಗೊಂಚಲಿನೊಳಗಿನ ಮೊಟ್ಟೆಗೆ ಬರುತ್ತವೆ. ಮಾವಿನಲ್ಲಿ ಹೂ ಇರುವ ದಿನ ಕಡಿಮೆ, ಅಪಾಯ ಜಾಸ್ತಿ. ಅದಕ್ಕೇ ಬತ್ತದಷ್ಟು ಕಾಯುವ ಧೈರ್ಯ ಕೊಡಲಾರೆ. ಆದರೆ ಹೂ ಅರಳಿರುವಾಗ ಹೊಡೆಯಬೇಡಿ, ಕಾಯಿ ಕಚ್ಚಿಸುವ ನೊಣ, ಜೇನು ಎಲ್ಲಾ ಸಾಯುತ್ತವೆ. ರೆಂಬೆ ತೆಳುಮಾಡಿ ಬೆಳಕು ಬಿಡಿ. ಜಿಗಿಹುಳಕ್ಕೆ ಕತ್ತಲು, ತಂಪು ಇಷ್ಟ.

ಕಾಲುವೆ ಕೊನೆ ಹೊಲ | ಸೆಪ್ಟೆಂಬರ್ 27

ಬಂತು! ಎಂಟನೇ ದಿನ ಬೆಳಗ್ಗೆ ಮಗಳು ಕೂಗಿಕೊಂಡಳು. ಕೊಳವೆಯಲ್ಲಿ ಏಳೆಂಟು ಕಣ ಓಡಾಡುತ್ತಿವೆ. ಭೂತಗನ್ನಡಿಯಲ್ಲಿ ನೋಡಿದರೆ ಗರಿಯಂಥ ರೆಕ್ಕೆ, ಉದ್ದ ಮೀಸೆ. ಅವ್ವನೂ ನೋಡಿದಳು. ಐವತ್ತು ವರ್ಷ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿದವಳು, "ಇಷ್ಟು ದಿನ ಇದು ಇಲ್ಲೇ ಇತ್ತಾ?" ಅಂದಳು. ಕೊಳವೆ ತೆಗೆದುಕೊಂಡು ಹೋಗಿ ಗದ್ದೆಯ ನಡುವೆ ಬಿಟ್ಟು ಬಂದೆವು.

ನಾಲೆ ಬಯಲು, ಮಂಡ್ಯ | ಸೆಪ್ಟೆಂಬರ್ 27

ಈ ಪೋಸ್ಟ್ ನನ್ನ ಹೆಂಡತಿಗೂ ಓದಿ ಹೇಳಿದೆ. ಅಣ್ಣ, ವಾರ ವಾರ ಎಣಿಸಿದ್ದನ್ನು ಇಲ್ಲೇ ಬರೆಯುತ್ತಾ ಇರಿ. ಕೊನೆಯವರೆಗೂ ಬರೆಯಿರಿ. ಸೋತರೂ ಬರೆಯಿರಿ.

ಕಾಲುವೆ ಕೊನೆ ಹೊಲ | ಅಕ್ಟೋಬರ್ 19

ಬರೆಯುತ್ತೇನೆ ಅಂದಿದ್ದೆ. ನಡುವೆ ಎರಡು ವಾರ ತಪ್ಪಿತು, ಕ್ಷಮಿಸಿ.

ಅಣ್ಣನ ಎಕರೆಗೆ 38ನೇ ದಿನ ಅದೇ ಡಬ್ಬಿ ಹೊಡೆದೆವು. ನನ್ನ ಐದು ಎಕರೆಗೆ ಹೊಡೆಯಲಿಲ್ಲ. ಎಲೆ ಸುರುಳಿ ಹುಳದ ಬಿಳಿ ಗೆರೆ ಇದ್ದವು, ಹೊಸ ಎಲೆ ಬಂದ ಮೇಲೆ ಕಾಣಲಿಲ್ಲ. 60ನೇ ದಿನದ ಹೊತ್ತಿಗೆ ಅಣ್ಣನ ಎಕರೆಯಲ್ಲಿ ಬುಡಕ್ಕೆ ಕೈ ಹಾಕಿದರೆ ದೋಮೆ ಹಾರುತ್ತಿತ್ತು, ಜೇಡ ಹುಡುಕಿದರೂ ಸಿಗಲಿಲ್ಲ. ನನ್ನದರಲ್ಲಿ ದೋಮೆ ಇತ್ತು, ಸುಳ್ಳು ಹೇಳಲ್ಲ. ಕಾಲುವೆ ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ ತೆಂಡೆಗೆ ಎರಡರ ಹತ್ತಿರ ಬಂತು. ಉಳಿದ ಕಡೆ ಅಷ್ಟಿಲ್ಲ, ಪ್ರತಿ ಬುಡದಲ್ಲೂ ಜೇಡ, ಆ ಹಸಿರು ಮಿರಿಡ್ ಕೂಡ ಇದ್ದವು. ಎಲ್ಲಾ ಕಡೆ ನೀರು ಬಸಿದೆವು. ತಗ್ಗಿನ ಮೂಲೆಗೆ ಮಾತ್ರ, ಮತ್ತು ಅಣ್ಣನ ಎಕರೆಗೆ, ಬುಡಕ್ಕೆ ಬೀಳುವ ಹಾಗೆ ಬ್ಯುಪ್ರೊಫೆಜಿನ್ ಕೊಟ್ಟೆವು. ಅಣ್ಣನ ಎಕರೆಯಲ್ಲಿ ಒಂದು ತೇಪೆ ಸುಟ್ಟಿತು, ಮನೆ ಅಂಗಳದಷ್ಟು. ನನ್ನ ಕಡೆ ಇಲ್ಲಿಯವರೆಗೆ ಸುಟ್ಟಿಲ್ಲ. ಅಣ್ಣ ಏನೂ ಮಾತಾಡಲಿಲ್ಲ. ಮಾರನೇ ದಿನ ಅವನೇ ಬಂದು ಬುಡ ಬಗ್ಗಿಸಿ ಎಣಿಸುತ್ತಿದ್ದ.

ಕೀಟದ ಮೇಷ್ಟ್ರು, ಧಾರವಾಡ | ಅಕ್ಟೋಬರ್ 19

ಚೆನ್ನಾಗಿ ಮಾಡಿದಿರಿ. ತಗ್ಗಿನ ಮೂಲೆಗೆ ಮಾತ್ರ ಕೊಟ್ಟದ್ದು ತುಂಬಾ ಸರಿ. ಮುಂದಿನ ಸಲ ನಾಟಿ ಮಾಡುವಾಗ ಪ್ರತಿ 2ರಿಂದ 3 ಮೀಟರಿಗೆ 30 ಸೆಂಟಿಮೀಟರ್ ಓಣಿ ಬಿಡಿ. ಬುಡಕ್ಕೆ ಗಾಳಿ ಬೆಳಕು ಆಡಿದರೆ ದೋಮೆಗೆ ಹಿತ ಇಲ್ಲ. ಬಗ್ಗಿ ಎಣಿಸುವವರಿಗೂ ದಾರಿ ಆಗುತ್ತೆ.

ಬದುವಿನ ಹೂವು, ದಾವಣಗೆರೆ | ನವೆಂಬರ್ 6

ಅಣ್ಣ, ನಿಮ್ಮ ಕಡೆ ಕೊಯ್ಲು ಹತ್ತಿರ ಬಂದಿರಬೇಕು. ಕೊಯ್ದ ಮೇಲೆ ಕೂಳೆ ಸುಡುತ್ತೀರಾ? ಕಣಜ ಅಲ್ಲಿಯವರೆಗೆ ಎಲ್ಲಿ ಇರುತ್ತೆ? ನಾವು ಈ ಸಲ ಒಂದು ದೊಡ್ಡ ಬದುವಿಗೆ ಎಳ್ಳು ಚೆಲ್ಲಿದೆವು. ತಡವಾಯಿತು, ಹೂ ಬಿಡುವಷ್ಟರಲ್ಲಿ ಬತ್ತ ಬಲಿತಿತ್ತು. ಮುಂದಿನ ಸಲ ಸಸಿಮಡಿ ಹಾಕಿದ ವಾರವೇ ಚೆಲ್ಲುತ್ತೇವೆ.

ಕಾಲುವೆ ಕೊನೆ ಹೊಲ | ನವೆಂಬರ್ 7

ಸುಡಲ್ಲ ತಂಗಿ. ಹುಲ್ಲು ದನಕ್ಕೆ ಬೇಕು, ಉಳಿದ ಕೂಳೆ ಉಳುಮೆಗೆ ಹೋಗುತ್ತೆ. ಕ್ಯಾಲಿಫೋರ್ನಿಯಾದ ಮೇಡಂ ಹೇಳಿದ ಹೊಳೆ ದಡದ ಪೊದೆ ನನ್ನ ತಲೆಯಲ್ಲೇ ಇದೆ. ನಮ್ಮ ಗದ್ದೆ ಪಕ್ಕದಲ್ಲೇ ಕಾಲುವೆ ದಡ, ವರ್ಷವಿಡೀ ಅಲ್ಲಿ ಹುಲ್ಲು ಹಸಿರು. ಈ ಸಲ ಅದನ್ನು ಮುಟ್ಟಿಲ್ಲ. ನಿನ್ನೆ ಮಗಳು ಅಲ್ಲಿಂದ ಒಂದು ಹಿಡಿ ಹುಲ್ಲು ಕೊಯ್ದು ತಂದು ಅದೇ ಬಾಟಲಿಗೆ ಹಾಕಿ ಕಪ್ಪು ಕಾಗದ ಸುತ್ತಿದ್ದಾಳೆ. ಕೊಳವೆಗೆ ಏನು ಬರುತ್ತೆ ನೋಡಿ ಹೇಳ್ತೀನಿ.